ಫ್ರೀಕ್ವೆಂಟ್ಲಿ ಎಂದು ಬರೆದ ಮೇಲೆ

ಆ ಫಾರಂ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ, ಕೆಲಸ ಒತ್ತಿಕೊಂಡಿದ್ದ ಹೊತ್ತಿನಲ್ಲಿ. ಪುತ್ತೂರಿನ ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಮೊದಲ ಮಹಡಿಯಲ್ಲಿ ನನ್ನ ಕಚೇರಿ. ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿ, ಸಹಿ ಮತ್ತು ಮೊಹರು ಹಾಕಿ ಕೊಡುವುದು ನನ್ನ ಕೆಲಸ. ಮೊದಲು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ತರಗತಿಯನ್ನೂ ಮಾಡುತ್ತಿದ್ದುದರಿಂದ ಬರುವವರೆಲ್ಲ ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಾರೆ.

ಫಾರಂ ತಂದವರು ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಒಂದು ಊರಿನವರು. ನಲವತ್ತರ ಆಸುಪಾಸಿನ ಬ್ಯಾರಿ ಮುಸ್ಲಿಮರು, ಗಲ್ಫಿನಲ್ಲಿ ಟವರ್ ಕ್ರೇನ್ ನಡೆಸುವವರು. ರಜೆಯಲ್ಲಿ ಊರಿಗೆ ಬಂದಿದ್ದರು. ಅಲ್ಲಿರುವಾಗ ತಲೆ ತಿರುಗಿ ಕೆಲವು ದಿನ ಕೆಲಸಕ್ಕೆ ಹೋಗಿರಲಿಲ್ಲವಂತೆ. ರಜೆಯಿಂದ ಹಿಂದಿರುಗುವ ಮೊದಲು ಅದರ ಬಗ್ಗೆ ಬರೆದು ಕಳಿಸಬೇಕೆಂದು ಕಂಪೆನಿ ಕೇಳಿತ್ತು. ಫಾರಂನ ಒಂದು ಪುಟ ‘ನೌಕರನ ಸ್ವಂತ ಹೇಳಿಕೆ’ಗೆಂದೇ ಮೀಸಲು. ಅವರು ಓದಿದ್ದು ಏಳನೆಯ ತನಕ, ಕನ್ನಡದಲ್ಲಿ. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ತುಂಬುವುದು ಎಂದಾಯಿತು.

“ಎಷ್ಟು ಸಲ ಆಗ್ತದೆ ಅಂತ ಕೇಳಿದ್ದಾರೆ,” ಎಂದೆ.

“ಆಗಾಗ ತಲೆ ತಿರುಗುದು ಉಂಟು ಟೀಚರ್. ಬೇರೆ ಎಂತ ಇಲ್ಲ.”

ನಾನು ‘ಐ ಫ್ರೀಕ್ವೆಂಟ್ಲಿ ಫೀಲ್ ಡಿಝಿ’ ಎಂದು ಟೈಪ್ ಮಾಡಿದೆ. ಯೋಚಿಸಲಿಲ್ಲ. ಯೋಚಿಸಬೇಕಾದ ಪದವೆಂದು ಅನ್ನಿಸಲೂ ಇಲ್ಲ. ಅವರು ಸಹಿ ಹಾಕಿದರು, ನಾನು ಮೊಹರು ಒತ್ತಿದೆ, ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿದೆ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಒಂಬತ್ತು ದಿನ ಬಿಟ್ಟು ಅವರು ಪುನಃ ಬಂದರು. ಮೆಟ್ಟಿಲು ಹತ್ತಿ ಬಂದವರು ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಬಂದು ಕೂತರು. ಮೊಬೈಲಿನಲ್ಲಿ ಕಂಪೆನಿಯ ಪತ್ರ ತೋರಿಸಿದರು. ನೌಕರನೇ ಒಪ್ಪಿಕೊಂಡಿರುವಂತೆ ಪದೇ ಪದೇ ತಲೆ ತಿರುಗುವ ತೊಂದರೆ ಇರುವುದರಿಂದ ಕ್ರೇನ್ ಹತ್ತುವ ಅನುಮತಿಯನ್ನು ತಡೆಹಿಡಿಯಲಾಗಿದೆ. ಮೆದುಳು ಮತ್ತು ಹೃದಯದ ಪರೀಕ್ಷೆಗಳ ವರದಿ ಬೇಕು. ತಿಂಗಳ ಕೊನೆಯೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಾಗುವುದು. ಇದು ಪತ್ರದ ಸಾರ.

“ಟೀಚರ್, ಫ್ರೀಕ್ವೆಂಟ್ಲಿ ಅಂದ್ರೆ ಎಂತ?” ಎಂದು ಕೇಳಿದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು.

“ಪದೇ ಪದೇ ಅಂತ. ತುಂಬ ಸಲ.”

“ನಾನು ಪದೇ ಪದೇ ಅಂತ ಹೇಳ್ಲೇ ಇಲ್ಲವಲ್ಲ. ಆಗಾಗ ಅಂದದ್ದು. ಆಗೊಮ್ಮೆ ಈಗೊಮ್ಮೆ ಬರ್ತದೆ, ಹೋಗ್ತದೆ. ಹಾಗೆ.”

ನಾನು ಕಪಾಟಿನಿಂದ ನಿಘಂಟು ತೆಗೆದೆ. ‘ಆಗಾಗ’ ಎಂಬಲ್ಲಿ ಎರಡೂ ಅರ್ಥಗಳಿದ್ದವು. ಮೇಲಿಂದ ಮೇಲೆ ಎಂಬುದೂ ಇತ್ತು, ಒಮ್ಮೊಮ್ಮೆ ಎಂಬುದೂ ಇತ್ತು. ಸುಳ್ಯದ ಹತ್ತಿರ ಅಜ್ಜಾವರ ಎಂಬ ಊರಿನ ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲನೆಯ ಅರ್ಥದಲ್ಲೇ ಕೇಳಿ ಬೆಳೆದವಳು ನಾನು. ಅವರ ಬಾಯಲ್ಲಿ ಅದು ಎರಡನೆಯದಾಗಿತ್ತು. ‘ಅಂದರೆ ಎಷ್ಟು ಸಲ?’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿರಲಿಲ್ಲ.

“ತಪ್ಪು ನನ್ನದೇ,” ಎಂದೆ. “ಸರಿ ಮಾಡಿ ಕಳಿಸುವ.”

ಅವರ ಮುಖ ಸ್ವಲ್ಪ ತಿಳಿಯಾಯಿತು. “ರೂಮಿನವನೊಬ್ಬನಿಗೆ ಫೋನ್ ಮಾಡಿ ಕೇಳಿದೆ ಟೀಚರ್. ರೇರ್ಲಿ ಅಂತ ಒಂದು ಶಬ್ದ ಉಂಟಂತೆ. ಅಪರೂಪಕ್ಕೆ ಅಂತ. ಅದನ್ನು ಹಾಕಿ. ಆಗ ಅವರು ಸುಮ್ಮನಾಗ್ತಾರೆ.”

ಹಳೆಯ ಕಡತ ತೆರೆದು, ಫ್ರೀಕ್ವೆಂಟ್ಲಿ ಅಳಿಸಿ, ‘ರೇರ್ಲಿ’ ಎಂದು ಟೈಪ್ ಮಾಡಿಯೂ ಬಿಟ್ಟೆ. ಮಾಡಿದ ತಪ್ಪನ್ನು ಆದಷ್ಟು ಬೇಗ ಅಳಿಸುವ ಆತುರ ನನಗಿತ್ತು. ಆದರೆ ಬಾಗಿಲ ಬಳಿ ಅವರು ಚೌಕಟ್ಟು ಹಿಡಿದು ನಿಂತದ್ದು ಕಣ್ಣಿಗೆ ಬಂತು.

“ಮೆಟ್ಟಿಲು ಹತ್ತಿ ಬರುವಾಗ ಈಗಲೂ ಆಯ್ತಾ?”

“ಸ್ವಲ್ಪ. ಐದು ದಿನದಿಂದ ಉಂಟು. ಕಡಬದಲ್ಲಿ ಒಬ್ಬ ಡಾಕ್ಟ್ರಿಗೆ ತೋರಿಸಿದೆ. ಆಗಾಗ ತಲೆ ತಿರುಗ್ತದೆ ಅಂದೆ. ಗ್ಯಾಸಿಂದು, ಪಿತ್ತದ್ದು ಅಂತ ಮಾತ್ರೆ ಕೊಟ್ಟಿದ್ದಾರೆ.”

“ಐದು ದಿನದಿಂದ ದಿನಾ ಆಗುದಾದ್ರೆ ಅಪರೂಪ ಅಂತ ಹೇಗೆ ಬರೆಯುದು?”

“ಅದರ ಮೊದಲು ಮೂರ್ನಾಲ್ಕು ತಿಂಗಳು ಎಂತ ಇರ್ಲಿಲ್ಲ ಟೀಚರ್!”

ನಾನು ಕೀಲಿಮಣೆಯಿಂದ ಕೈ ತೆಗೆದೆ. ಇವರು ಕೂರುವುದು ಇಪ್ಪತ್ತು ಮಹಡಿ ಎತ್ತರದ ಕ್ಯಾಬಿನ್ನಿನಲ್ಲಿ. ಕೆಳಗೆ ಜನ ಕೆಲಸ ಮಾಡುತ್ತಿರುತ್ತಾರೆ. ಮೊದಲು ಹೆಚ್ಚು ಬರೆದು ಇವರ ಅನ್ನಕ್ಕೆ ಕಲ್ಲು ಹಾಕಿದ್ದೆ. ಈಗ ಕಡಿಮೆ ಬರೆದು ಕಬ್ಬಿಣದ ಕಂಬಿಗಳ ಕಟ್ಟು ಯಾರದೋ ತಲೆಯ ಮೇಲೆ ಬಿದ್ದರೆ?

“ಇವತ್ತು ನಾನು ಯಾವ ಶಬ್ದವನ್ನೂ ಹಾಕುದಿಲ್ಲ,” ಎಂದೆ. “ನಾಳೆ ಮನೆಯವರನ್ನು ಕರ್ಕೊಂಡು ಬನ್ನಿ. ಯಾವ ಯಾವ ದಿನ ಆಯ್ತು ಅಂತ ಮೊದಲು ನೋಡುವ. ಶಬ್ದ ಆಮೇಲೆ.”

“ದಿನ ಎಲ್ಲ ಯಾರಿಗೆ ನೆನಪಿರ್ತದೆ ಮಾರಾಯ್ರೆ?” ಎಂದು ಅವರು ಬೇಸರದಿಂದಲೇ ಎದ್ದು ಹೋದರು.

ಆ ಮಧ್ಯಾಹ್ನ ಬೇರೆ ಕೆಲಸ ಬದಿಗಿಟ್ಟು ಒಂದು ಹಾಳೆಯಲ್ಲಿ ನನಗೆ ಗೊತ್ತಿದ್ದ ಶಬ್ದಗಳನ್ನೆಲ್ಲ ಬರೆದೆ. ಅಕೇಶನಲಿ, ಸೆಲ್ಡಮ್, ರೇರ್ಲಿ, ಸ್ಪೊರಾಡಿಕಲಿ, ಇಂಟರ್‌ಮಿಟೆಂಟ್ಲಿ, ಇರೆಗ್ಯುಲರ್ಲಿ, ಎರಾಟಿಕಲಿ. ತರಗತಿಯಲ್ಲಿ ಇವುಗಳನ್ನೆಲ್ಲ ಒಂದೇ ಗುಂಪಿಗೆ ಹಾಕಿ ‘ಯಾವಾಗಲಾದರೊಮ್ಮೆ’ ಎಂದು ಹೇಳಿಕೊಟ್ಟಿದ್ದೆ. ಈಗ ಒಂದೊಂದರ ಉದಾಹರಣೆ ವಾಕ್ಯ ಹುಡುಕಿ ಓದುತ್ತ ಹೋದರೆ ಅವು ಒಂದೇ ಆಗಿರಲಿಲ್ಲ. ರೇರ್ಲಿಯೂ ಸೆಲ್ಡಮ್ಮೂ ಎಷ್ಟು ಕಡಿಮೆ ಎಂಬುದನ್ನು ಮಾತ್ರ ಹೇಳುತ್ತವೆ. ಸ್ಪೊರಾಡಿಕಲಿ ಅಂದರೆ ಅಲ್ಲೊಂದು ಇಲ್ಲೊಂದು, ಚೆದುರಿದಂತೆ. ಎರಾಟಿಕಲಿ ಅಂದರೆ ಹಿಡಿತವೇ ಇಲ್ಲದ್ದು, ಯಾವಾಗ ಏನಾಗುತ್ತದೆಂದು ಹೇಳಲಾಗದ್ದು. ಕ್ರೇನ್ ನಡೆಸುವವರ ಹೇಳಿಕೆಯಲ್ಲಿ ಅದೊಂದು ಶಬ್ದವೇ ಸಾಕು, ಕೆಲಸ ಹೋಗಲಿಕ್ಕೆ. ಇಂಟರ್‌ಮಿಟೆಂಟ್ಲಿ ಅಂದರೆ ಬರುವುದು, ನಿಲ್ಲುವುದು, ಪುನಃ ಬರುವುದು. ಹಾಳೆಯನ್ನು ನೋಡುತ್ತ ಕೂತಾಗ ನಾಚಿಕೆಯಾಯಿತು. ಇಷ್ಟು ವರ್ಷ ಇವುಗಳನ್ನು ಎಲ್ಲೆಲ್ಲಿ, ಯಾರ್ಯಾರ ಕಾಗದದಲ್ಲಿ ಹೇಗೆ ಹಾಕಿದ್ದೇನೋ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಮೆಲುದನಿಯವರು, ಆದರೆ ಮಾತು ಖಚಿತ. ದಿನ ನೆನಪಿಲ್ಲ ಎಂಬ ಗಂಡನ ತಕರಾರಿಗೆ ಅವರಲ್ಲಿ ಉತ್ತರ ತಯಾರಿತ್ತು.

“ಇವರು ಅಲ್ಲಿಂದ ದಿನಾ ವಾಟ್ಸಾಪಿನಲ್ಲಿ ವಾಯ್ಸ್ ಹಾಕುದು ಟೀಚರ್. ನಾನು ಒಂದನ್ನೂ ಅಳಿಸಿಲ್ಲ.”

ನಾನು ದೊಡ್ಡ ಹಾಳೆಯೊಂದರಲ್ಲಿ ಹದಿನಾಲ್ಕು ತಿಂಗಳ ಚೌಕಗಳನ್ನು ಎಳೆದೆ. ದಿನಕ್ಕೊಂದು ಚೌಕ. ಅವರು ಮೊಬೈಲನ್ನು ಮೇಜಿನ ಮೇಲಿಟ್ಟು ಹಳೆಯ ಸಂದೇಶಗಳನ್ನು ಒಂದೊಂದಾಗಿ ಹಾಕಿದರು. ಬ್ಯಾರಿ ಭಾಷೆ ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಅವರು ಕನ್ನಡದಲ್ಲಿ ಹೇಳಿದರು. ಮಕ್ಕಳ ಶಾಲೆ, ಮೀನಿನ ಸಾರು, ರೂಮಿನ ಏಸಿ ಕೆಟ್ಟದ್ದು, ಇವುಗಳ ನಡುವೆ ಎಲ್ಲೋ ‘ಬೆಳಿಗ್ಗೆ ಏಳುವಾಗ ರೂಮು ಇಡೀ ಸುತ್ತಿದ ಹಾಗೆ ಆಯ್ತು’ ಎಂಬ ಮಾತು. ಅಂಥದ್ದು ಸಿಕ್ಕಿದಾಗಲೆಲ್ಲ ನಾನು ಆ ದಿನದ ಚೌಕದಲ್ಲಿ ಕೆಂಪು ಚುಕ್ಕೆ ಇಟ್ಟೆ. ಮೂರು ಗಂಟೆ ಹಿಡಿಯಿತು. ಗಂಡ ನಡುವೆ ಎರಡು ಸಲ ನಮಾಜಿಗೂ ಚಹಾಕ್ಕೂ ಎದ್ದು ಹೋಗಿ ಬಂದರು. ತಮ್ಮದೇ ದನಿ ಕೇಳಲು ಅವರಿಗೆ ಸಂಕೋಚವಾಗುತ್ತಿತ್ತು.

ಕೊನೆಗೆ ಹಾಳೆ ನೋಡಿದರೆ ಚುಕ್ಕೆಗಳು ಎಲ್ಲೆಂದರಲ್ಲಿ ಚೆದುರಿರಲಿಲ್ಲ. ಮೂರು ಗುಂಪುಗಳಿದ್ದವು. ಮೊದಲ ಎರಡರಲ್ಲಿ ಏಳರಿಂದ ಹತ್ತು ದಿನ, ಹೆಚ್ಚುಕಡಿಮೆ ಸಾಲಾಗಿ. ನಡುವೆ ತಿಂಗಳುಗಟ್ಟಲೆ ಬಿಳಿ. ಮೂರನೆಯದು ಈಗ ನಡೆಯುತ್ತಿದ್ದದ್ದು, ಅವರ ಬಾಯಿಂದಲೇ ಕೇಳಿ ಗುರುತಿಸಿದ್ದು.

“ನಮ್ಮ ಕರೆಂಟಿನ ಹಾಗೆ,” ಎಂದರು ಹೆಂಡತಿ. “ಒಂದು ವಾರ ಬರುದು ಹೋಗುದು, ಮತ್ತೆ ಸುದ್ದಿಯೇ ಇಲ್ಲ.”

ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಎಂದರು ಗಂಡ. ಯಾವಾಗ ಎಂದಾಗ ಹೆಂಡತಿಯೇ ಹೇಳಿದರು: “ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ್ರೆ. ಎಡಕ್ಕೆ ಹೊರಳಿದ್ರೆ ಎಂತ ಇಲ್ಲ. ನಾನು ನೋಡಿದ್ದೇನೆ.”

“ಕ್ರೇನಿನ ಮೇಲೆ ಆಗಿದೆಯಾ?”

ಗಂಡ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆಮೇಲೆ ನನ್ನನ್ನೂ ಹೆಂಡತಿಯನ್ನೂ ನೋಡದೆ ಹೇಳಿದರು.

“ಒಂದು ಸಲ. ಎರಡನೇ ಸಲ ಬಂದಿತ್ತಲ್ಲ, ಆಗ. ಮೇಲೆ ಏನೋ ನೋಡ್ಲಿಕ್ಕೆ ಕತ್ತು ಎತ್ತಿದೆ, ಆಕಾಶ ಇಡೀ ತಿರುಗಿತು. ಲಿವರ್ ಬಿಟ್ಟುಬಿಟ್ಟೆ. ಬಿಟ್ರೆ ಕ್ರೇನು ತಾನಾಗಿ ನಿಲ್ತದೆ. ಲೋಡು ಗಾಳಿಯಲ್ಲಿ ಆಡ್ತಾ ಇತ್ತು. ಕಣ್ಣು ಮುಚ್ಚಿ ಕೂತೆ. ಸರಿಯಾದ ಮೇಲೆ ಲೋಡು ಇಳಿಸಿ, ಹೊಟ್ಟೆನೋವು ಅಂತ ವಾಕಿಟಾಕಿಯಲ್ಲಿ ಹೇಳಿ ಇಳಿದೆ.”

“ಆ ದಿನ ನನಗೆ ಹಾಕಿದ ವಾಯ್ಸಲ್ಲಿ ಬಿರಿಯಾನಿ ತಿಂದೆ ಅಂತ ಹೇಳಿದ್ರಿ,” ಎಂದಷ್ಟೇ ಅಂದರು ಹೆಂಡತಿ.

“ಅದನ್ನು ಬರೆಯುದು ಬೇಡ ಟೀಚರ್,” ಎಂದರು ಗಂಡ.

“ಬರೀರಿ ಟೀಚರ್,” ಎಂದರು ಹೆಂಡತಿ. “ಕೆಲಸ ಹೋದ್ರೆ ಇಲ್ಲಿ ಬೇರೆ ಎಂತಾದ್ರೂ ಮಾಡುವ. ಇವರು ಮೇಲೆ ಕೂತಾಗ ನಾನು ಇಲ್ಲಿ ದಿನಾ ಸಾಯ್ಲಿಕ್ಕಾಗುದಿಲ್ಲ.”

ಗಂಡ ಪೆನ್ನನ್ನು ನನ್ನತ್ತ ಸರಿಸಿದರು. ಬಿರಿಯಾನಿಯ ದಿನದ ಚೌಕದಲ್ಲಿ ನಾನು ಒಂದು ಚುಕ್ಕೆ ಇಟ್ಟು, ಅದರ ಸುತ್ತ ಒಂದು ವೃತ್ತ ಎಳೆದೆ.

ಹೇಳಿಕೆ ಬರೆಯುವ ಮೊದಲು ಹಾಳೆಯನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದೆಂದು ನನಗನ್ನಿಸಿತು. ಪುತ್ತೂರಿನಲ್ಲೇ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರಿದ್ದರು. ಹೊರಳಿದರೆ ತಲೆ ತಿರುಗುವುದು ಕಿವಿಯಿಂದಲೂ ಇರಬಹುದೆಂದು ಎಲ್ಲೋ ಓದಿದ ನೆನಪು. ಮರುದಿನ ಮೂವರೂ ಹೋದೆವು.

ಡಾಕ್ಟರಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಿ ನೋಡಿದರು. ಬದಿಯಲ್ಲಿ ನಾನು ಬರೆದಿದ್ದ ವಾಕ್ಯವನ್ನು ಗಟ್ಟಿಯಾಗಿ ಓದಿದರು: ‘ಇಂಟರ್‌ಮಿಟೆಂಟ್ಲಿ, ಒಂದು ಸಲ ಬಂದರೆ ಏಳರಿಂದ ಹತ್ತು ದಿನ, ಪ್ರತಿ ಸಲ ಒಂದು ನಿಮಿಷಕ್ಕಿಂತ ಕಡಿಮೆ, ಬಲಕ್ಕೆ ಹೊರಳಿದಾಗ ಅಥವಾ ಕತ್ತು ಎತ್ತಿದಾಗ.’

“ಇಷ್ಟು ಸರಿಯಾಗಿ ಯಾರೂ ಹೇಳುದಿಲ್ಲ ಮಾರಾಯ್ರೆ. ಬನ್ನಿ, ಮಲಗಿ,” ಎಂದರು.

ಮಂಚದ ಮೇಲೆ ಕೂರಿಸಿ, ಅವರ ತಲೆಯನ್ನು ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. ಕೆಲವು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಅವರು ಡಾಕ್ಟರ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಕಣ್ಣಗುಡ್ಡೆಗಳು ತಾವಾಗಿ ಅದುರುತ್ತಿದ್ದವು. “ಕಣ್ಣು ಮುಚ್ಚಬೇಡಿ, ಮುಚ್ಚಬೇಡಿ, ಈಗ ನಿಲ್ತದೆ,” ಎಂದರು ಡಾಕ್ಟರಮ್ಮ. ಅರ್ಧ ನಿಮಿಷದಲ್ಲಿ ನಿಂತಿತು.

ಕಿವಿಯ ಒಳಗೆ ಸಮತೋಲ ನೋಡಿಕೊಳ್ಳುವ ಜಾಗದಲ್ಲಿ ಹುಡಿಯಂಥ ಸಣ್ಣ ಹರಳುಗಳಿರುತ್ತವಂತೆ. ಅವು ಜಾಗ ತಪ್ಪಿ ಪಕ್ಕದ ಕೊಳವೆಗೆ ಬಿದ್ದರೆ ಹೀಗಾಗುತ್ತದಂತೆ. ಮೆದುಳಿಗೂ ಹೃದಯಕ್ಕೂ ಸಂಬಂಧವಿಲ್ಲ. ಡಾಕ್ಟರಮ್ಮ ತಲೆಯನ್ನು ಮೆಲ್ಲನೆ ಎಡಕ್ಕೆ ತಿರುಗಿಸಿದರು, ಕಾದರು. ದೇಹವನ್ನು ಎಡಕ್ಕೆ ಹೊರಳಿಸಿ ಮುಖ ನೆಲಕ್ಕೆ ಬರುವಂತೆ ಮಾಡಿದರು, ಕಾದರು. ಆಮೇಲೆ ಎಬ್ಬಿಸಿ ಕೂರಿಸಿದರು. ಒಟ್ಟು ಹತ್ತು ನಿಮಿಷ ಆಗಿರಬೇಕು.

“ಆಯ್ತಾ?” ಎಂದು ಹೆಂಡತಿ ನಂಬಲಾರದೆ ಕೇಳಿದರು.

“ಇವತ್ತಿಗೆ ಆಯ್ತು. ಮುಂದಿನ ವಾರ ಪುನಃ ನೋಡ್ತೇನೆ. ಇದು ಪುನಃ ಬರ್ಲೂಬಹುದು, ಬಂದ್ರೆ ಪುನಃ ಹೀಗೆ ಮಾಡಿದ್ರೆ ಆಯ್ತು. ಆದ್ರೆ ಮೂರು ವಾರ ಏನೂ ಆಗದಿದ್ರೆ ಮಾತ್ರ ಕ್ರೇನ್ ಹತ್ತಬಹುದು ಅಂತ ಬರೆದು ಕೊಡುದು. ಅದಕ್ಕೆ ಮೊದಲು ಕೇಳ್ಬೇಡಿ.”

ಕೆಳಗಿಳಿದು ರಸ್ತೆಗೆ ಬಂದಾಗ ಗಂಡ ಒಮ್ಮೆ ಕತ್ತು ಎತ್ತಿ ಮೇಲೆ ನೋಡಿದರು. ಹೆಂಡತಿ ತೋಳು ಹಿಡಿದುಕೊಂಡರು. ಏನೂ ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಮೂವರಿಗೂ ನಗು ಬಂತು.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಹೊಸ ಹೇಳಿಕೆಯನ್ನು ಚುಕ್ಕೆಗಳ ಹಾಳೆಯ ಸಮೇತ, ಕ್ಯಾಬಿನ್ನಿನ ಘಟನೆಯನ್ನೂ ಸೇರಿಸಿ, ಡಾಕ್ಟರ ಚೀಟಿಯ ಜೊತೆ ಕಳಿಸಿದೆ. ನಾಲ್ಕನೆಯ ದಿನ ಉತ್ತರ ಬಂತು. ನೌಕರ ಮೊದಲು ಒಂದು ಹೇಳಿ ಈಗ ಇನ್ನೊಂದು ಹೇಳುತ್ತಿದ್ದಾರೆ, ಅನುಮತಿ ತಡೆದ ಮೇಲೆ ಮಾತು ಬದಲಾಯಿಸಿದಂತೆ ಕಾಣುತ್ತದೆ, ಹೇಳಿಕೆಯನ್ನು ಒಪ್ಪಲಾಗದು.

ನನಗೆ ಗೊತ್ತಿತ್ತು, ಏಕೆ ಹೀಗಾಯಿತೆಂದು. ಹೊಸ ಹೇಳಿಕೆಯ ಜೊತೆ ನಾನು ಕಳಿಸಿದ ಪತ್ರದಲ್ಲಿ ‘ಹಿಂದಿನ ಹೇಳಿಕೆಯಲ್ಲಿ ಒಂದು ಪದ ತಪ್ಪಾಗಿ ಬಂದಿತ್ತು’ ಎಂದಷ್ಟೇ ಬರೆದಿದ್ದೆ. ಯಾರು ಬರೆದದ್ದು ಎಂದು ಬರೆದಿರಲಿಲ್ಲ. ಕಂಪೆನಿಯವರು ಅದನ್ನು ಕ್ರೇನ್ ನಡೆಸುವವರ ತಪ್ಪೆಂದೇ ಓದಿದ್ದರು. ಬೇರೆ ಹೇಗೆ ಓದಿಯಾರು?

ಇದನ್ನು ಬರೆಯುವಾಗಲೂ ಮನಸ್ಸಿಗೆ ಇರುಸುಮುರುಸಾಗುತ್ತದೆ, ಆದರೂ ಬರೆಯುತ್ತೇನೆ: ನಾನು ಎರಡು ದಿನ ಏನೂ ಮಾಡಲಿಲ್ಲ. ಗಲ್ಫಿಗೆ ಜನ ಕಳಿಸುವ ಏಜೆಂಟರೇ ನನ್ನ ಹೆಚ್ಚಿನ ಗಿರಾಕಿಗಳು. ಇವರ ಮೊಹರನ್ನು ನಂಬಲಿಕ್ಕಾಗುವುದಿಲ್ಲ ಎಂದು ಒಂದು ಮಾತು ಹೊರಟರೆ ಕಚೇರಿಯ ಬಾಗಿಲು ಹಾಕಬೇಕಾಗಬಹುದು. ನನಗೆ ಬೇರೆ ಕೆಲಸ ಬರುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸುಳ್ಯದಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಪತ್ರ ಜೋಡಿಸತೊಡಗಿದೆ. ‘ಭಾಷಾಂತರದ ಹಂತದಲ್ಲಿ ದೋಷ ಉಂಟಾಗಿದೆ.’ ‘ಪದದ ಆಯ್ಕೆಯಲ್ಲಿ ಗೊಂದಲವಾಗಿದೆ.’ ಎಷ್ಟು ತಿರುವಿದರೂ ವಾಕ್ಯಗಳಲ್ಲಿ ‘ನಾನು’ ಬರುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು “ಎಂತ, ಹುಷಾರಿಲ್ವಾ?” ಎಂದು ಕೇಳಿದರು. ಗಟ್ಟಿಯಾಗಿಯೇ ಗೊಣಗುತ್ತಿದ್ದೆನೋ ಏನೋ.

ಕಚೇರಿ ತೆರೆದವಳು ಬ್ಯಾಗು ಕೆಳಗಿಡುವ ಮೊದಲೇ ಕಂಪ್ಯೂಟರ್ ಹಚ್ಚಿದೆ. ಇಂಗ್ಲಿಷಿನಲ್ಲಿ ಐದೇ ವಾಕ್ಯ. ನೌಕರ ಹೇಳಿದ ಕನ್ನಡ ಮಾತಿಗೆ ಎರಡು ಅರ್ಥಗಳಿವೆ. ಅವರು ಯಾವ ಅರ್ಥದಲ್ಲಿ ಹೇಳಿದರೆಂದು ನಾನು ಕೇಳಲಿಲ್ಲ. ಫ್ರೀಕ್ವೆಂಟ್ಲಿ ಎಂಬ ಪದ ನನ್ನದು, ಅವರದಲ್ಲ. ಅವರಿಗೆ ಅದರ ಅರ್ಥವೇ ಗೊತ್ತಿರಲಿಲ್ಲ. ಈ ತಪ್ಪಿಗೆ ನಾನೊಬ್ಬಳೇ ಹೊಣೆ. ಕೆಳಗೆ ಹೆಸರು, ಸಹಿ, ಮೊಹರು, ಫೋನ್ ನಂಬರ್. ಕಳಿಸುವ ಗುಂಡಿ ಒತ್ತಿದ ಮೇಲೆ ಎದ್ದು ಕಿಟಕಿ ತೆರೆದೆ. ಕೆಳಗೆ ಬಸ್ಸಿನವರು ಕಡಬ, ಕಡಬ ಎಂದು ಕೂಗುತ್ತಿದ್ದರು. ಬೆನ್ನಿನ ಮೇಲಿಂದ ಏನೋ ಇಳಿಸಿದಂತಾಯಿತು.

ಎರಡು ದಿನದಲ್ಲಿ ಕಂಪೆನಿಯ ಡಾಕ್ಟರೇ ವಿಡಿಯೋ ಕರೆ ಮಾಡಿದರು. ಇಂಗ್ಲೆಂಡಿನವರು, ವಯಸ್ಸಾದವರು. ಕ್ರೇನ್ ನಡೆಸುವವರು ನನ್ನ ಮೇಜಿನ ಈಚೆ, ಅವರ ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅನುವಾದಿಸಲು ನಾನು. ಡಾಕ್ಟರು ಹಾಳೆಯ ಒಂದೊಂದು ಗುಂಪನ್ನೂ ಹಿಡಿದು ಕೇಳಿದರು. ಕ್ಯಾಬಿನ್ನಿನಲ್ಲಿ ಆದದ್ದನ್ನು ಏಕೆ ಮುಚ್ಚಿಟ್ಟಿರಿ ಎಂದೂ ಕೇಳಿದರು.

“ಹೆದರಿಕೆ ಆಯ್ತು,” ಎಂದರು ಇವರು. ಅದನ್ನು ಅನುವಾದಿಸಲು ನಿಘಂಟು ಬೇಕಾಗಲಿಲ್ಲ.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. “ಮೇಡಂ, ನಿಮ್ಮಿಂದ ಇಂಥ ತಪ್ಪು ಎಷ್ಟು ಸಲ ಆಗುತ್ತದೆ?”

‘ರೇರ್ಲಿ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. “ಗೊತ್ತಿಲ್ಲ ಡಾಕ್ಟರ್. ನಾನು ಲೆಕ್ಕ ಇಟ್ಟಿಲ್ಲ. ಇದೊಂದು ಮಾತ್ರ ನನಗೆ ಗೊತ್ತಾಗಿದೆ.”

ಅವರು ನಕ್ಕರು. ಒಳ್ಳೆಯ ಉತ್ತರ ಎಂದರು. ಮೂರು ವಾರದ ಡಾಕ್ಟರ ಪತ್ರ ಬರಲಿ, ಅಲ್ಲಿಯವರೆಗೆ ರಜೆ ಮುಂದುವರಿಯಲಿ, ಬಂದ ಮೇಲೆ ಹದಿನೈದು ದಿನ ಕೆಳಗಿನ ಕೆಲಸ, ತಾನೇ ಪರೀಕ್ಷೆ ಮಾಡಿ ಆಮೇಲೆ ಕ್ರೇನ್ ಎಂದು ಹೇಳಿ ಕರೆ ಮುಗಿಸಿದರು.

ಮೂರು ವಾರ ಚುಕ್ಕೆ ಬೀಳಲಿಲ್ಲ. ಅವರು ಹೊರಟರು. ಏಜೆಂಟರಲ್ಲಿ ಒಬ್ಬರು ಹೇಗೋ ವಿಷಯ ತಿಳಿದು ನನ್ನಲ್ಲಿಗೆ ಕೆಲಸ ಕಳಿಸುವುದನ್ನು ಬಿಟ್ಟರು, ಉಳಿದವರು ಬಿಡಲಿಲ್ಲ. ಈಗ ಯಾರಾದರೂ ‘ಒಮ್ಮೊಮ್ಮೆ’ ಎಂದರೆ ನಾನು ಪೆನ್ನು ಕೆಳಗಿಟ್ಟು, ತಿಂಗಳಿಗೆ ಎಷ್ಟು ಸಲ, ಕಳೆದ ಸಲ ಯಾವಾಗ ಎಂದು ಕೇಳುತ್ತೇನೆ. ಗಿರಾಕಿಗಳಿಗೆ ಕಿರಿಕಿರಿಯಾಗುತ್ತದೆ. ಆಗಲಿ.

ಅವರು ಮೊದಲು ಕ್ರೇನ್ ಹತ್ತುವ ದಿನ ಯಾವುದೆಂದು ಹೆಂಡತಿ ನನಗೆ ಮುಂಚೆಯೇ ತಿಳಿಸಿದ್ದರು. ಆ ದಿನ ಬೆಳಿಗ್ಗೆಯಿಂದ ನನಗೆ ಒಂದು ಸಾಲು ಸರಿಯಾಗಿ ಟೈಪ್ ಮಾಡಲಾಗಲಿಲ್ಲ. ಊಟದ ಹೊತ್ತು ಮೀರಿತು. ಮೂರು ಗಂಟೆ ದಾಟಿದ ಮೇಲೆ ಫೋನ್ ಬಂತು.

“ಟೀಚರ್, ಹತ್ತಿ ಇಳಿದ್ರಂತೆ. ಈಗ ಅನ್ನಕ್ಕೆ ಕೂತಿದ್ದಾರಂತೆ. ನೀವು ಊಟ ಮಾಡಿದ್ರಾ?”

“ಇಲ್ಲ,” ಎಂದೆ. “ನೀವು?”

“ನಾನೂ ಇಲ್ಲ.”

ಇಬ್ಬರೂ ಫೋನ್ ಇಟ್ಟು ಊಟಕ್ಕೆ ಕೂತೆವು.